ಧೂಳಿನ ಮರೆಯ ಬೆಳಕು



ಅಲ್ಲಾಹನು ನಮಗೆ ಕಣ್ಣು ಕೊಟ್ಟಿದ್ದಾನೆ. ಎಲ್ಲವನ್ನೂ ಕಾಣುವ ಕಣ್ಣು ಕೊಟ್ಟಿಲ್ಲ. 1800ರಲ್ಲಿ ವಿಲಿಯಂ ಹರ್ಷೆಲ್ ಎಂಬ ಖಗೋಳ ವಿಜ್ಞಾನಿ ಬಿಸಿಲನ್ನು ಪಟ್ಟಕದ ಮೂಲಕ ಹಾಯಿಸಿ ಒಂದೊಂದು ಬಣ್ಣದಲ್ಲೂ ಉಷ್ಣಮಾಪಕವನ್ನಿಟ್ಟು ನೋಡಿದರು. ಕೆಂಪು ಬಣ್ಣದಾಚೆ, ಏನೂ ಕಾಣದ ಜಾಗದಲ್ಲಿ, ಶಾಖ ಇನ್ನೂ ಹೆಚ್ಚಿತ್ತು! ಅದುವೇ ಅವಕೆಂಪು ಕಿರಣ.

1983ರಲ್ಲಿ ಅಮೆರಿಕ, ನೆದರ್‌ಲ್ಯಾಂಡ್ಸ್ ಮತ್ತು ಬ್ರಿಟನ್ ಕೂಡಿ ಹಾರಿಸಿದ ಐರಾಸ್ ಉಪಗ್ರಹವು ಆಕಾಶವನ್ನು ಈ ಕಿರಣದಲ್ಲಿ ನೋಡಿತು. ಸಾಮಾನ್ಯ ದೂರದರ್ಶಕಕ್ಕೆ ಮಂಕಾಗಿ ತೋರುತ್ತಿದ್ದ ಕೆಲವು ಗ್ಯಾಲಕ್ಸಿಗಳು ಅಲ್ಲಿ ಪ್ರಜ್ವಲಿಸುತ್ತಿದ್ದವು. ಸುಮಾರು 25 ಕೋಟಿ ಜ್ಯೋತಿರ್ವರ್ಷ ದೂರದ ಆರ್ಪ್ 220 ಅವುಗಳಲ್ಲೊಂದು. ಎರಡು ಗ್ಯಾಲಕ್ಸಿಗಳು ಬೆರೆತು ಉಂಟಾದ ಅದರ ಬೆಳಕು ಒಂದು ಲಕ್ಷ ಕೋಟಿ ಸೂರ್ಯರ ಬೆಳಕಿಗೂ ಹೆಚ್ಚು. ಅಲ್ಲಿ ಹೊಸ ನಕ್ಷತ್ರಗಳು ಭರದಿಂದ ಹುಟ್ಟುತ್ತಿವೆ. ಅವುಗಳ ಬೆಳಕನ್ನು ಧೂಳು ಹೀರಿ, ಬೆಚ್ಚಗಾಗಿ, ಅವಕೆಂಪು ಕಿರಣವಾಗಿ ಹೊರಸೂಸುತ್ತದೆ.

ಈ ಕಿರಣಗಳಲ್ಲಿ ದೂರದ ಅವಕೆಂಪಿನ ಬಹುಭಾಗವನ್ನು ನಮ್ಮ ವಾಯುಮಂಡಲದ ನೀರಾವಿಯೇ ತಡೆಯುತ್ತದೆ. ಆದ್ದರಿಂದ ಐರೋಪ್ಯ ಬಾಹ್ಯಾಕಾಶ ಸಂಸ್ಥೆಯು 2009ರಲ್ಲಿ 3.5 ಮೀಟರ್ ಕನ್ನಡಿಯ ಹರ್ಷೆಲ್ ದೂರದರ್ಶಕವನ್ನು ಭೂಮಿಯಿಂದ 15 ಲಕ್ಷ ಕಿಲೋಮೀಟರ್ ಆಚೆಗೆ ಕಳುಹಿಸಿತು. 2013ರವರೆಗೆ ಅದು ದುಡಿಯಿತು. ಬಂದ ಕಿರಣಗಳನ್ನು ಬಿಡಿಸಿ ನೋಡಿದಾಗ ಪ್ರತಿಯೊಂದು ಧಾತುವೂ ತನ್ನದೇ ಗೆರೆಯನ್ನು ಮೂಡಿಸುತ್ತದೆ: ವಿದ್ಯುದಂಶ ಪಡೆದ ಇಂಗಾಲದ್ದು 158 ಮೈಕ್ರೋಮೀಟರಿನಲ್ಲಿ, ಆಮ್ಲಜನಕದ್ದು 63ರಲ್ಲಿ.

ಇಲ್ಲೊಂದು ಪಾಠವಿದೆ. ಇಂಗಾಲದ ಗೆರೆ ಸಾಮಾನ್ಯವಾಗಿ ನಕ್ಷತ್ರಗಳ ಹುಟ್ಟಿನ ಗುರುತು. ಆದರೆ ಅತ್ಯಂತ ಪ್ರಖರವಾದ ಈ ಗ್ಯಾಲಕ್ಸಿಗಳಲ್ಲಿ ಧೂಳಿನ ಬೆಳಕಿಗೆ ಹೋಲಿಸಿದರೆ ಅದೇ ಗೆರೆ ದುರ್ಬಲ. ಅದೊಂದನ್ನೇ ನಂಬಿದರೆ ನಕ್ಷತ್ರಗಳು ಕಡಿಮೆ ಎಂದು ತಪ್ಪಾಗಿ ಎಣಿಸಬೇಕಾಗುತ್ತದೆ. ಧೂಳನ್ನು ಕಾಯಿಸುವುದರಲ್ಲಿ ಕಪ್ಪುಕುಳಿಯ ಪಾಲೂ ಇರಬಹುದು. ಆದ್ದರಿಂದ ವಿಜ್ಞಾನಿಗಳು ಆಮ್ಲಜನಕ, ಸಾರಜನಕ, ನೀರಾವಿ ಮುಂತಾದವುಗಳ ಗೆರೆಗಳನ್ನೂ ತೂಗಿನೋಡಿ ನಂತರವೇ ಮಾತನಾಡುತ್ತಾರೆ.

ಸಹೋದರ ಸಹೋದರಿಯರೇ, ಕೋಟ್ಯಂತರ ಜ್ಯೋತಿರ್ವರ್ಷ ದೂರದ ಧೂಳಿನ ಬಗ್ಗೆ ಇಷ್ಟು ಎಚ್ಚರ ವಹಿಸುವಾಗ, ಪಕ್ಕದ ಮನೆಯ ಮಗಳ ಮಾನದ ಬಗ್ಗೆ ನಾವೆಷ್ಟು ಎಚ್ಚರ ವಹಿಸುತ್ತೇವೆ? ಸಂಬಂಧ ಕೇಳಿಕೊಂಡು ಬಂದವರ ಮುಂದೆ ‘ಏನೋ ಕೇಳಿದ್ದೆವು’ ಎಂಬ ಒಂದೇ ಮಾತಿನಿಂದ ಅವಳ ಬದುಕಿನ ಬಾಗಿಲು ಮುಚ್ಚಿಹೋಗುತ್ತದೆ. ಮಸೀದಿಯ ಸಫ್ಫಿನಲ್ಲಿ ಕಾಣದ ಯುವಕನನ್ನು ಬೇನಮಾಝಿ ಎಂದುಬಿಡುತ್ತೇವೆ. ರಾತ್ರಿ ಪಾಳಿಯಲ್ಲಿ, ಕಾರ್ಖಾನೆಯ ಮೂಲೆಯಲ್ಲಿ ಅವನು ಸುಜೂದ್ ಮಾಡಿದ್ದನ್ನು ಕಂಡವರಾರು?

ಸುದ್ದಿ ಬಂದರೆ ಪರಿಶೀಲಿಸಬೇಕು, ಗುಮಾನಿಯಿಂದ ದೂರವಿರಬೇಕು, ಇತರರ ಗುಟ್ಟುಗಳನ್ನು ಕೆದಕಬಾರದು ಎಂದು ಸೂರಃ ಅಲ್ ಹುಜುರಾತ್ ನಮಗೆ ಕಲಿಸುತ್ತದೆ. ನಿರ್ಧಾರ ಅನಿವಾರ್ಯವಾದಲ್ಲಿ ನ್ಯಾಯವಾಗಿ ವಿಚಾರಿಸಿರಿ. ಉಳಿದೆಡೆ ನಾಲಿಗೆಯನ್ನು ಬಿಗಿಹಿಡಿಯಿರಿ. ಆ ಧೂಳಾದರೂ ಶತ್ರುವಲ್ಲ; ತಣ್ಣನೆಯ ಅನಿಲಕ್ಕೆ ಮರೆಯಾಗಿ ನಿಂತು ನಕ್ಷತ್ರಗಳ ಹುಟ್ಟಿಗೆ ನೆರವಾಗುವುದೂ ಅದೇ. ಅಲ್ಲಾಹನು ತನ್ನ ದಾಸನ ಮೇಲೆ ಹೊದಿಸಿದ ಮರೆಯನ್ನು ಹರಿಯಲು ನಾವಾರು?

ನಮ್ಮ ಕಣ್ಣಿಗೆ ವಿನಯವನ್ನೂ ನಾಲಿಗೆಗೆ ಸಂಯಮವನ್ನೂ ಅಲ್ಲಾಹನು ಕರುಣಿಸಲಿ. ಆಮೀನ್.