ತಿಳಿದಿದ್ದರೆ ಸಾಕೇ?

ಅಪಾಯ ಎಲ್ಲಿದೆ ಎಂದು ಒಬ್ಬರಿಗೆ ತಿಳಿಸಿಬಿಟ್ಟರೆ ನಮ್ಮ ಕರ್ತವ್ಯ ಮುಗಿಯಿತೇ? ಮಗಳಿಗೆ, ತಂಗಿಗೆ, ನೆರೆಯವರಿಗೆ “ಜಾಗ್ರತೆಯಾಗಿರು” ಎಂದು ಹೇಳಿ ನಾವು ನೆಮ್ಮದಿಯಾಗಿರುತ್ತೇವೆ. ಮುಂದೆ ಕೆಡುಕಾದರೆ “ಹೇಳಿದ್ದೆವಲ್ಲ, ಕೇಳಲಿಲ್ಲ” ಎನ್ನುತ್ತೇವೆ. ಈ ಮಾತು ಎಷ್ಟು ನ್ಯಾಯವಾದದ್ದು? ದೂರದ ಅಮೆರಿಕದ ಒಂದು ಅನುಭವವನ್ನು ಮುಂದಿಟ್ಟುಕೊಂಡು ಯೋಚಿಸೋಣ.

ಅಮೆರಿಕದ ಮಹಿಳೆಯರಲ್ಲಿ ಕಪ್ಪು ಜನಾಂಗದವರು ನೂರಕ್ಕೆ ಸುಮಾರು 13 ಮಂದಿ. ಆದರೆ 2018ರಲ್ಲಿ ಅಲ್ಲಿ ಹೊಸದಾಗಿ ಎಚ್.ಐ.ವಿ. ಸೋಂಕು ಪತ್ತೆಯಾದ ಮಹಿಳೆಯರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಇವರೇ. “ಅವರ ನಡತೆ ಸರಿಯಿಲ್ಲ” ಎಂದು ತೀರ್ಪು ಕೊಡಲು ಅವಸರಪಡಬೇಡಿ. ಬಡತನ, ವರ್ಣಭೇದ, ಸಕಾಲದಲ್ಲಿ ಸಿಗದ ಚಿಕಿತ್ಸೆ, ಸುತ್ತಲಿನವರಲ್ಲಿ ಆಗಲೇ ಹರಡಿರುವ ಸೋಂಕು, ಇವೆಲ್ಲ ಸೇರಿ ಒಬ್ಬನನ್ನೇ ನಂಬಿ ಬಾಳುವ ಹೆಣ್ಣನ್ನೂ ಅಪಾಯಕ್ಕೆ ತಳ್ಳುತ್ತವೆ.

ಸಾನ್ ಫ್ರಾನ್ಸಿಸ್ಕೋ ನಗರದ ಬೇವ್ಯೂ–ಹಂಟರ್ಸ್ ಪಾಯಿಂಟ್ ಬಡಾವಣೆಯಲ್ಲಿ 18ರಿಂದ 29 ವರ್ಷದ 128 ಕಪ್ಪು ಮಹಿಳೆಯರ ನಡುವೆ ಒಂದು ಅಧ್ಯಯನ ನಡೆಯಿತು. ರಾಲ್ಫ್ ಡಿಕ್ಲೆಮೆಂಟೆ ಮತ್ತು ಜಿನಾ ವಿಂಗುಡ್ ಅದನ್ನು 1995ರಲ್ಲಿ ಪ್ರಕಟಿಸಿದರು. ಒಂದು ಗುಂಪಿಗೆ ಒಂದೇ ಸಲ ರೋಗದ ಮಾಹಿತಿ ಕೊಟ್ಟರು. ಇನ್ನೊಂದು ಗುಂಪು ಎರಡೆರಡು ಗಂಟೆಯಂತೆ ಐದು ಸಲ ಸೇರಿತು. ಮೂರನೆಯ ಗುಂಪಿಗೆ ತರಬೇತಿಯನ್ನು ಮುಂದಕ್ಕೆ ಹಾಕಿದರು.

ಐದು ಸಲ ಸೇರಿದವರಿಗೆ ಕಲಿಸಿದವಳು ಅವರಂತೆಯೇ ಒಬ್ಬ ಕಪ್ಪು ಮಹಿಳೆ. ಮೊದಲ ದಿನ ರೋಗದ ಮಾತಲ್ಲ. ಹೆಣ್ಣಾಗಿ, ಕಪ್ಪು ಜನಾಂಗದವಳಾಗಿ ಹುಟ್ಟಿದ್ದರ ಹೆಮ್ಮೆಯ ಮಾತು. ಆಮೇಲೆ ರೋಗದ ತಿಳಿವಳಿಕೆ. ಅನಂತರ, ಜಗಳಕ್ಕಿಳಿಯದೆ, ಅಂಜದೆ, ತನ್ನ ಇಷ್ಟಾನಿಷ್ಟವನ್ನು ಸಂಗಾತಿಗೆ ಹೇಳುವ ಅಭ್ಯಾಸ. ಮೂರು ತಿಂಗಳ ಬಳಿಕ ವಿಚಾರಿಸಿದಾಗ ಈ ಗುಂಪಿನಲ್ಲಿ ನಡವಳಿಕೆ ಬದಲಾಗಿತ್ತು. ಬರೀ ಮಾಹಿತಿ ಪಡೆದವರಿಗೂ ತರಬೇತಿಗೆ ಕಾಯುತ್ತಿದ್ದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ‘ಸಿಸ್ಟಾ’ ಎಂಬ ಹೆಸರಿನಲ್ಲಿ ಈ ತರಬೇತಿ ಮುಂದೆ ಅಮೆರಿಕದ ಅನೇಕ ಊರುಗಳಿಗೆ ಹಬ್ಬಿತು.

ಅದರಲ್ಲಿ ಕಾಂಡೋಮ್ ಬಳಕೆಯನ್ನೂ ಕಲಿಸುತ್ತಿದ್ದರು. ಈ ವಿಷಯದಲ್ಲಿ ಧರ್ಮಸಭೆಯ ಬೋಧನೆ ಏನೆಂದು ನಿಮಗೆ ಗೊತ್ತು. ಆದರೆ ಅದಕ್ಕೂ ಮೊದಲಿನ ಪ್ರಶ್ನೆಯೊಂದಿದೆ. “ಬೇಡ” ಎನ್ನಲು ಬಾಯಿಲ್ಲದವಳಿಗೆ ಸಂಯಮವನ್ನು ಬೋಧಿಸಿ ಏನು ಫಲ? ಸಂಯಮಕ್ಕೂ “ಬೇಡ” ಎನ್ನುವ ಶಕ್ತಿ ಬೇಕು. ಆ ಮಾತಿಗೆ ಮನೆಯಲ್ಲಿ ಬೆಲೆಯೂ ಬೇಕು. ಶಕ್ತಿ ಕೊಡದೆ ಜವಾಬ್ದಾರಿಯನ್ನು ಮಾತ್ರ ಹೊರಿಸುವುದು ಉಪದೇಶವಲ್ಲ, ಹೊರೆ.

ಈಗ ಔಷಧಿಗಳೂ ಬಂದಿವೆ. ಸೋಂಕು ತಗಲದಂತೆ ದಿನವೂ ನುಂಗುವ ಮಾತ್ರೆಗೆ ಅಮೆರಿಕದಲ್ಲಿ 2012ರಲ್ಲಿ ಅನುಮತಿ ಸಿಕ್ಕಿತು. ಅದಕ್ಕೆ ಗಂಡಸಿನ ಒಪ್ಪಿಗೆ ಬೇಕಿಲ್ಲ. ಆದರೂ ಅದನ್ನು ಕೇಳಿ ಪಡೆಯಲು “ನನ್ನ ಜೀವಕ್ಕೂ ಬೆಲೆಯಿದೆ” ಎಂಬ ನಂಬಿಕೆ ಅವಳಲ್ಲಿರಬೇಕು.

“ಹಾಗಾದರೆ ಎಲ್ಲವನ್ನೂ ಹೆಣ್ಣೇ ಕಲಿಯಬೇಕೇ?” ಎಂದು ನೀವು ಕೇಳಬಹುದು. ಖಂಡಿತ ಅಲ್ಲ. ಅವಳು ಮಾತಾಡಲು ಕಲಿತರೆ, ಗಂಡಸು ಕೇಳಿಸಿಕೊಳ್ಳಲು ಕಲಿಯಬೇಕು. ಇಲ್ಲವಾದರೆ ಅವಳ ಧೈರ್ಯವೇ ಅವಳಿಗೆ ಏಟು ತರಬಹುದು.

ಈಗ ನಮ್ಮ ಮನೆಯತ್ತ ನೋಡೋಣ. ಎದುರು ಮಾತಾಡದ ಮಗಳನ್ನು “ಒಳ್ಳೆಯ ಹುಡುಗಿ” ಎಂದು ಹೊಗಳಿ ಬೆಳೆಸುತ್ತೇವೆ. ಬಾಳಿನ ಕಠಿಣ ಗಳಿಗೆಯಲ್ಲಿ ಅವಳು ದಿಟ್ಟವಾಗಿ ಮಾತಾಡಬೇಕೆಂದು ಬಯಸುತ್ತೇವೆ. ಆ ಮಾತನ್ನು ಅವಳು ಎಲ್ಲಿ ಕಲಿಯಬೇಕಿತ್ತು? ಇಂದು ರಾತ್ರಿ ಊಟಕ್ಕೆ ಕುಳಿತಾಗ ಅವಳು “ನನಗಿದು ಒಪ್ಪಿಗೆಯಿಲ್ಲ” ಎಂದರೆ, ಗದರುವ ಮೊದಲು ಒಂದು ಕ್ಷಣ ಕೇಳಿಸಿಕೊಳ್ಳಿ.