ನಾವು ಲಿಪಿಕಾರರು ಮಾತ್ರ



ಕಳೆದ ಗಣೇಶ ಚತುರ್ಥಿಗೆ ನಮ್ಮ ದೇವಸ್ಥಾನದ ಕಾರ್ಯಕ್ರಮಕ್ಕೆಂದು ನಾನೊಂದು ಪುಟ್ಟ ಭಕ್ತಿಗೀತೆ ಬರೆದಿದ್ದೆ. ನನ್ನ ಸರದಿಗೆ ಮುಂಚೆ ಇನ್ನೊಬ್ಬರು ತಾವೇ ರಚಿಸಿದ ಹಾಡನ್ನು ಬಹಳ ಸೊಗಸಾಗಿ ಹಾಡಿದರು. ನಾನು ಹಾಳೆ ಮಡಚಿ ಜೇಬಿನಲ್ಲಿಟ್ಟುಕೊಂಡೆ. ಗಂಟಲು ಸರಿಯಿಲ್ಲವೆಂದು ಹೇಳಿ ತಪ್ಪಿಸಿಕೊಂಡೆ. ದೀಪಾವಳಿಯ ಭಜನೆಯ ದಿನ ನನ್ನ ಎಂಟು ವರ್ಷದ ಮಗಳು ಹಾಡುವುದಿಲ್ಲವೆಂದು ಹಟ ಹಿಡಿದಳು. "ಅವಳು ನನಗಿಂತ ಚೆನ್ನಾಗಿ ಹಾಡ್ತಾಳೆ ಅಪ್ಪಾ. ನನಗೂ ಗಂಟಲು ಸರಿಯಿಲ್ಲ ಅಂತ ಹೇಳಿಬಿಡು" ಎಂದಳು. ನನಗೆ ಮಾತೇ ಹೊರಡಲಿಲ್ಲ.

ಆ ರಾತ್ರಿ ನೆನಪಾದವನು ಗದುಗಿನ ಕುಮಾರವ್ಯಾಸ. ವೀರನಾರಾಯಣನ ಗುಡಿಯ ಕಂಬದ ಬಳಿ ಒದ್ದೆ ಬಟ್ಟೆಯಲ್ಲಿ ಕುಳಿತು, ಅದು ಒಣಗುವವರೆಗೆ ಭಾರತವನ್ನು ಬರೆಯುತ್ತಿದ್ದನೆಂದು ಪ್ರತೀತಿ. ಕಾವ್ಯದ ಪೀಠಿಕೆಯಲ್ಲಿ ಆತ, ರಾಮಾಯಣ ಬರೆದ ಕವಿಗಳ ಭಾರಕ್ಕೆ ಆದಿಶೇಷನೇ ತಿಣುಕುತ್ತಿದ್ದಾನೆ, ಅಲ್ಲಿ ಕಾಲಿಡಲೂ ಜಾಗವಿಲ್ಲ ಎನ್ನುತ್ತಾನೆ. ಹಾಗೆಂದು ಲೇಖನಿ ಕೆಳಗಿಡಲಿಲ್ಲ. ಭಾರತದ ಮೊದಲ ಹತ್ತು ಪರ್ವಗಳನ್ನು ಭಾಮಿನಿ ಷಟ್ಪದಿಯಲ್ಲಿ ಹಾಡಿದ.

ಇದಕ್ಕಿಂತ ದೊಡ್ಡ ಪಾಠ ಆಮೇಲಿನದು. ವಿಜಯಪುರದ ಬಳಿಯ ತೊರವೆಯಲ್ಲಿ ನರಹರಿ ಎಂಬ ಕವಿ ಅದೇ ಭಾಮಿನಿ ಷಟ್ಪದಿಯಲ್ಲಿ ರಾಮಾಯಣವನ್ನೇ ಬರೆದ! ಜಾಗವಿಲ್ಲವೆಂದು ಕುಮಾರವ್ಯಾಸನೇ ಹೇಳಿದ ಮೇಲೆ ನನ್ನದೇನು ಎಂದು ಆತ ಸುಮ್ಮನಾಗಿದ್ದರೆ, ನಮಗೆ ತೊರವೆ ರಾಮಾಯಣ ಸಿಗುತ್ತಿರಲಿಲ್ಲ. ಗಮಕಿಗಳು ಇಂದಿಗೂ ಎರಡನ್ನೂ ವಾಚಿಸುತ್ತಾರೆ.

ಹೋಲಿಕೆಯ ರೋಗಕ್ಕೆ ಔಷಧ ಕುಮಾರವ್ಯಾಸನಲ್ಲೇ ಇದೆ. ವೀರನಾರಾಯಣನೇ ಕವಿ, ತಾನು ಬರೀ ಲಿಪಿಕಾರ ಎಂದ ಆತ. ಹಾಗೆಂದು ಸುಳ್ಳು ವಿನಯ ತೋರಿದವನಲ್ಲ. ಇಟ್ಟ ಪದವನ್ನು ಅಳಿಸದಿರುವುದು, ಪರರ ರೀತಿಯನ್ನು ಎರವಲು ತಾರದಿರುವುದು ತನ್ನ ಹೆಗ್ಗಳಿಕೆ ಎಂದೂ ಹೇಳಿಕೊಂಡಿದ್ದಾನೆ. ಇವೆರಡು ಮಾತು ಒಂದಕ್ಕೊಂದು ವಿರುದ್ಧವೇ? ಅಲ್ಲ. ಕೆಲಸವನ್ನು ಶ್ರದ್ಧೆಯಿಂದ ಮಾಡುವುದು ಲಿಪಿಕಾರನ ಹೊಣೆ. ಎಷ್ಟನೆಯ ಸ್ಥಾನ ಎಂಬ ಲೆಕ್ಕ ಅವನದಲ್ಲ. ಗೀತೆಯ ಮೂರನೆಯ ಅಧ್ಯಾಯದ 35ನೇ ಶ್ಲೋಕದಲ್ಲಿ ಕೃಷ್ಣ ಹೇಳುವುದೂ ಇದನ್ನೇ: ಚೆನ್ನಾಗಿ ಆಚರಿಸಿದ ಪರಧರ್ಮಕ್ಕಿಂತ ಕೊರತೆಯಿರುವ ಸ್ವಧರ್ಮವೇ ಮೇಲು.

ನಮಗಿದು ಕಷ್ಟ, ನಿಜ. ಆಫೀಸಿನಲ್ಲಿ ವರ್ಷಕ್ಕೊಮ್ಮೆ ರೇಟಿಂಗ್, ಶಾಲೆಯಲ್ಲಿ ಮಕ್ಕಳಿಗೆ ಗ್ರೇಡ್. ದೇವಸ್ಥಾನದ ಬಾಗಿಲಲ್ಲಿ ಚಪ್ಪಲಿ ಬಿಡುತ್ತೇವೆ, ಆ ರೇಟಿಂಗನ್ನು ಮಾತ್ರ ಗರ್ಭಗುಡಿಯ ಮುಂದಿನವರೆಗೂ ಹೊತ್ತು ತರುತ್ತೇವೆ. ರಂಗೋಲಿ, ಹೂವಿನ ಅಲಂಕಾರ, ಮಕ್ಕಳ ನೃತ್ಯ, ಕೊನೆಗೆ ಪ್ರಸಾದದ ಪುಳಿಯೋಗರೆಗೂ ಹೋಲಿಕೆ!

ನಾನು ಈಗ ಮಾಡುತ್ತಿರುವ ಅಭ್ಯಾಸ ಸರಳ. ಬರೆಯುವ ಮೊದಲು ಲಿಪಿಕಾರ ನಾನು ಎಂದು ಒಮ್ಮೆ ನೆನೆಯುತ್ತೇನೆ. ಇನ್ನೊಬ್ಬರ ಹಾಡನ್ನು ನನ್ನದರ ಪಕ್ಕದಲ್ಲಿಟ್ಟು ತೂಗದೆ, ಭಗವಂತ ಇನ್ನೊಂದು ಕೈಯಿಂದ ಬರೆಸಿದ್ದು ಎಂದು ಕೇಳುತ್ತೇನೆ. ಮನಸ್ಸು ಈಗಲೂ ಆಗಾಗ ತಕ್ಕಡಿ ಹಿಡಿಯುತ್ತದೆ. ಆದರೂ ಕೇಳುವ ಸಂತೋಷ ಮೊದಲಿಗಿಂತ ಹೆಚ್ಚಿದೆ.

ಶಿವರಾತ್ರಿಯಂದು ಆ ಮಡಚಿದ ಹಾಳೆಯನ್ನು ಬಿಡಿಸಿ ಹಾಡಿದೆ. ಎರಡನೆಯ ಚರಣದಲ್ಲಿ ತಾಳ ತಪ್ಪಿತು, ನಿಲ್ಲಿಸಲಿಲ್ಲ. ಮುಗಿಸಿ ಬಂದು ಕುಳಿತಾಗ ಮಗಳು ಪಿಸುಗುಟ್ಟಿದಳು, "ಅಪ್ಪಾ, ನೀನು ತಪ್ಪಿದೆ." ಹೌದು ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ತಾನೇ ಎದ್ದು ಮೈಕಿನ ಕಡೆ ನಡೆದಳು.

ಶ್ರೀ ಕೃಷ್ಣಾರ್ಪಣಮಸ್ತು.