ಸಾಧು ಮಗುವಿಗೆ ಎಂಥ ಕಾಲೇಜು?

 

ಇವತ್ತಿನ ಚಿಂತನೆ ನಮ್ಮ ಮನೆಯಲ್ಲೇ ಎದ್ದ ಒಂದು ಪ್ರಶ್ನೆಯದು. ಸ್ವಲ್ಪ ಉದ್ದವಿದೆ, ಬಿಡುವಾದಾಗ ಓದಿ.

ನನ್ನ ಅಕ್ಕ, ಭಾವ 20 ವರ್ಷದಿಂದ ಅಮೆರಿಕದ ನ್ಯೂಜೆರ್ಸಿಯಲ್ಲಿದ್ದಾರೆ. ಅವರ ಮಗನಿಗೀಗ 17. ತುಂಬಾ ಸಾಧು ಹುಡುಗ. ಹಿಂದೆ ಊರಿಗೆ ಬಂದಿದ್ದಾಗ ಮಕ್ಕಳ ಜೊತೆ ಅಂಗಳದಲ್ಲಿ ಕ್ರಿಕೆಟ್ ಆಡುತ್ತಿದ್ದ. ಚಿಕ್ಕವರಿಗೆ ಬ್ಯಾಟಿಂಗ್ ಸಿಗಲಿ ಅಂತ ತಾನೇ ಬೇಕೆಂದು ಔಟಾಗುತ್ತಿದ್ದ. ಯಾರೊಂದಿಗೂ ಎತ್ತರದ ದನಿಯಲ್ಲಿ ಮಾತಾಡಿದ್ದನ್ನು ನಾನು ಕೇಳಿಲ್ಲ.

ಕಳೆದ ಅಕ್ಟೋಬರಿನಲ್ಲಿ ಅಕ್ಕ ಫೋನ್ ಮಾಡಿದಳು. "ಇವನನ್ನ ದೊಡ್ಡ ಯೂನಿವರ್ಸಿಟಿಗೆ ಹಾಕಿದ್ರೆ ಕಳೆದುಹೋಗ್ತಾನೆ ಕಣೇ. ಬಗ್ಗಿದವನಿಗೆ ಗುದ್ದು ಜಾಸ್ತಿ ಅಂತ ಅಮ್ಮ ಹೇಳ್ತಿರಲಿಲ್ವಾ? ಸಣ್ಣ ಲಿಬರಲ್ ಆರ್ಟ್ಸ್ ಕಾಲೇಜು ನೋಡ್ತಿದೀನಿ. ನೀನು ಮೇಷ್ಟ್ರು ಕೆಲಸ ಮಾಡೋಳು, ಏನನ್ನಿಸುತ್ತೆ ಹೇಳು" ಅಂದಳು.

ಲಿಬರಲ್ ಆರ್ಟ್ಸ್ ಅಂದರೆ ನಮ್ಮ ಪಿಯುಸಿ ಆರ್ಟ್ಸ್ ಅಲ್ಲ. ಅಲ್ಲಿ ಭೌತಶಾಸ್ತ್ರವೂ ಇರುತ್ತದೆ, ಸಂಗೀತವೂ ಇರುತ್ತದೆ. ಮೊದಲ ಒಂದೆರಡು ವರ್ಷ ಹಲವು ವಿಷಯ ಓದಿ, ಆಮೇಲೆ ಮುಖ್ಯ ವಿಷಯ ಆರಿಸಿಕೊಳ್ಳುತ್ತಾರೆ. ಹೆಚ್ಚಿನವು ಸಾವಿರದಿಂದ ಎರಡೂವರೆ ಸಾವಿರ ವಿದ್ಯಾರ್ಥಿಗಳಿರುವ, ಹಾಸ್ಟೆಲಿನಲ್ಲೇ ಉಳಿದು ಓದುವ ಕಾಲೇಜುಗಳು. ಪಾಠ ಮಾಡುವವರು ಪ್ರಾಧ್ಯಾಪಕರೇ. ಅಕ್ಕನ ರಾಜ್ಯದ ರಟ್ಗರ್ಸ್ ವಿಶ್ವವಿದ್ಯಾಲಯದ ನ್ಯೂಬ್ರನ್ಸ್‌ವಿಕ್ ಕ್ಯಾಂಪಸ್ ಒಂದರಲ್ಲೇ 40,000ಕ್ಕೂ ಹೆಚ್ಚು ವಿದ್ಯಾರ್ಥಿಗಳಿದ್ದಾರೆ. ಹಾಗಾಗಿ ಅವಳ ಆಸೆ ನನಗೆ ಅರ್ಥವಾಯಿತು.

ಒಂದು ಶನಿವಾರ ಅವರು ಫಿಲಡೆಲ್ಫಿಯಾ ಹತ್ತಿರದ ಹ್ಯಾವರ್‌ಫರ್ಡ್ ಕಾಲೇಜು ನೋಡಿಬಂದರು. 1833ರಲ್ಲಿ ಕ್ವೇಕರ್ ಪಂಥದವರು ಕಟ್ಟಿದ ಕಾಲೇಜು ಅದು. ಈಗ ಅಲ್ಲಿರುವುದು ಸುಮಾರು 1,400 ವಿದ್ಯಾರ್ಥಿಗಳು. ಅಲ್ಲಿ ಪರೀಕ್ಷೆಗೆ ಮೇಲ್ವಿಚಾರಕರಿಲ್ಲವಂತೆ! ಮಕ್ಕಳೇ ಒಪ್ಪಿಕೊಂಡ 'ಆನರ್ ಕೋಡ್' ಎಂಬ ನಡತೆಯ ನಿಯಮ ಅಲ್ಲಿದೆ. ಅದನ್ನು ಪ್ರತಿವರ್ಷ ವಿದ್ಯಾರ್ಥಿಗಳೇ ಸೇರಿ ಚರ್ಚಿಸಿ, ಮತ ಹಾಕಿ ಮುಂದುವರಿಸುತ್ತಾರೆ. ಕಾಪಿ ತಡೆಯಲು ಕಿಟಕಿ ಬಳಿ ನಿಂತು ಸವೆದ ನನ್ನಂಥವಳಿಗೆ ಇದು ಕಥೆಯಂತೆ ಕೇಳಿಸಿತು.

ಆ ಕೋಡಿನಲ್ಲಿ ಇನ್ನೊಂದು ಅಂಶವಿದೆ. ಯಾರದಾದರೂ ಮಾತು, ನಡತೆಯಿಂದ ನಿಮಗೆ ನೋವಾದರೆ ಸುಮ್ಮನಿರಬೇಡಿ, ಅವರ ಬಳಿಯೇ ಹೋಗಿ ಮಾತಾಡಿ ಎಂಬುದು ಅದರ ನಿರೀಕ್ಷೆ. ಅಕ್ಕನಿಗೆ ಅಳುಕು ಹುಟ್ಟಿದ್ದು ಇಲ್ಲೇ. "ಇವನು ಯಾರ ಹತ್ರ ಹೋಗಿ ಏನು ಮಾತಾಡ್ತಾನೆ? ಇವನಿಗೆ ಬಾಯೇ ಇಲ್ಲ" ಅಂದಳು.

ಅವಳ ಮಾತು ಕೇಳುತ್ತಿದ್ದಂತೆ ನನಗೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ನೆನಪಾದ. ಇದನ್ನು ಬಳಗದಲ್ಲಿ ಈವರೆಗೆ ಹೇಳಿರಲಿಲ್ಲ.

ಹನ್ನೆರಡು ಹದಿಮೂರು ವರ್ಷದ ಹಿಂದಿನ ಮಾತು. ಒಂಬತ್ತನೇ ತರಗತಿ, 60ಕ್ಕೂ ಹೆಚ್ಚು ಮಕ್ಕಳು. ಅವರಲ್ಲಿ ಅವನೊಬ್ಬ ಸೌಮ್ಯ ಹುಡುಗ. ತುಂಟರ ಪಕ್ಕ ಅವನನ್ನೇ ಕೂರಿಸುತ್ತಿದ್ದೆ, ಅವನಾದರೆ ಹೊಂದಿಕೊಳ್ಳುತ್ತಾನೆ ಅಂತ. ನೋಟ್‌ಬುಕ್ ಹೊರಲು, ಬೋರ್ಡ್ ಒರೆಸಲು ಅವನನ್ನೇ ಕರೆಯುತ್ತಿದ್ದೆ. ಒಂದು ದಿನ ಕಿಟಕಿಯ ಗಾಜು ಒಡೆಯಿತು. ಒಡೆದವನು ಯಾರೆಂದು ತರಗತಿಗೆಲ್ಲ ಗೊತ್ತಿತ್ತು, ನನಗೂ ಗೊತ್ತಿತ್ತು. ಉಳಿದವರು ಇವನ ಕಡೆ ಕೈ ತೋರಿಸಿದರು. ಇವನು ತಲೆ ತಗ್ಗಿಸಿ, "ಇರ್ಲಿ ಬಿಡಿ ಮೇಡಂ, ನಾನೇ ಕೊಡ್ತೀನಿ" ಅಂದ. ಗಲಾಟೆ ಬೇಗ ಮುಗಿಯಿತಲ್ಲ ಅಂತ ನಾನೂ ಬಿಟ್ಟುಬಿಟ್ಟೆ. ಗಾಜಿನ ದುಡ್ಡನ್ನು ಅವನ ಅಪ್ಪ ಎರಡು ಕಂತಿನಲ್ಲಿ ಕಟ್ಟಿದರು. ಶಾಲೆ ಬಿಡುವಾಗ ಅವನ ನಡತೆಯ ಬಗ್ಗೆ ಎರಡು ಮಾತು ಬರೆದುಕೊಟ್ಟವಳೂ ನಾನೇ: ಸೌಮ್ಯ ಸ್ವಭಾವದ ವಿದ್ಯಾರ್ಥಿ.

ಎರಡು ವರ್ಷದ ಕೆಳಗೆ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದ್ದ. ಯಾವುದೋ ಅಂಗಡಿಯಲ್ಲಿ ಕೆಲಸ. ಎಲ್ಲರೂ ಎಂಟಕ್ಕೆ ಮನೆಗೆ ಹೋದರೆ ಇವನು ಹತ್ತರವರೆಗೆ ಲೆಕ್ಕ ನೋಡಬೇಕು, ಅದಕ್ಕೆ ಬೇರೆ ಸಂಬಳವಿಲ್ಲ. "ಕೇಳಬಾರದೇನಪ್ಪ?" ಅಂದೆ. "ಇರ್ಲಿ ಬಿಡಿ ಮೇಡಂ" ಅಂತ ನಕ್ಕ. ಅದೇ ಮಾತು, ಅದೇ ನಗು. ಆ ಮಾತು ಅವನ ಬಾಯಲ್ಲಿ ಗಟ್ಟಿಯಾಗಲು ನನ್ನ ತರಗತಿಯೂ ಒಂದು ಕಾರಣ ಅನ್ನಿಸಿ, ಆ ರಾತ್ರಿ ನಿದ್ದೆ ಬರಲಿಲ್ಲ.

ವಿಸುದ್ಧಿಮಗ್ಗದಲ್ಲಿ ಬುದ್ಧಘೋಷರು ಹೇಳುವ ವಿಚಾರ ನಮ್ಮಲ್ಲಿ ಹಲವರಿಗೆ ಗೊತ್ತು. ಮೈತ್ರಿಯಂಥ ಒಳ್ಳೆಯ ಭಾವಕ್ಕೆ ದೂರದ ಶತ್ರು ಒಂದು, ಹತ್ತಿರದ ಶತ್ರು ಒಂದು. ಮೈತ್ರಿಗೆ ದೂರದ ಶತ್ರು ದ್ವೇಷ. ಅದನ್ನು ಯಾರು ಬೇಕಾದರೂ ಗುರುತಿಸಬಹುದು. ಹತ್ತಿರದ ಶತ್ರು ರಾಗ, ಅಂದರೆ ಅಂಟು. ಅದು ನೋಡಲು ಮೈತ್ರಿಯಂತೆಯೇ ಇರುವುದರಿಂದ ಮನೆಯೊಳಗೇ ಇದ್ದರೂ ತಿಳಿಯುವುದಿಲ್ಲ.

ಇದನ್ನೇ ಸ್ವಲ್ಪ ಮುಂದುವರಿಸಿ ನಾನು ಯೋಚಿಸಿದೆ. ಸೌಮ್ಯತೆಗೂ ಹತ್ತಿರದ ಶತ್ರು ಇದ್ದೀತು. ನನಗೆ ಕಂಡಂತೆ ಅದು ಭಯ. ಭಯದಿಂದ ಸುಮ್ಮನಿರುವವನೂ ಕರುಣೆಯಿಂದ ತಾಳಿಕೊಳ್ಳುವವನೂ ಹೊರಗಿನಿಂದ ಒಂದೇ ಥರ ಕಾಣುತ್ತಾರೆ. ದೊಡ್ಡವರಾದ ನಮಗೆ ಇಬ್ಬರೂ ಅನುಕೂಲ. ಅದಕ್ಕೇ ವ್ಯತ್ಯಾಸ ನೋಡುವ ಗೋಜಿಗೆ ನಾವು ಹೋಗುವುದಿಲ್ಲ.

ಮರುದಿನ ಹುಡುಗನ ಜೊತೆಯೇ ಮಾತಾಡಿದೆ. ಆ ಕಾಲೇಜು ಹೇಗನ್ನಿಸಿತು ಅಂತ ಕೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಚಿಕ್ಕಮ್ಮ, ಎಲ್ಲರೂ ನನ್ನನ್ನ ಒಳ್ಳೆಯವನು ಅಂತಾರೆ. ನಿಜ ಹೇಳ್ಬೇಕಂದ್ರೆ ತುಂಬಾ ಸಲ ನಂಗೆ ಹೆದರಿಕೆ ಅಷ್ಟೆ. ಅಲ್ಲಿ ಮಾತಾಡ್ಲೇಬೇಕಂತೆ. ಅದಕ್ಕೇ ಅಲ್ಲಿಗೆ ಹೋಗ್ಬೇಕು ಅನ್ಸಿದೆ" ಅಂದ.

ನನಗೆ ಮಾತೇ ಹೊರಡಲಿಲ್ಲ. ಕಾಲೇಜು ಒಂದೇ. ಅಡಗಲು ಒಳ್ಳೆಯ ಜಾಗ ಅಂತ ತಾಯಿ ಅದನ್ನು ಹುಡುಕಿದ್ದಳು. ಅಡಗಲು ಜಾಗವಿಲ್ಲ ಅಂತ ಮಗ ಅದನ್ನು ಮೆಚ್ಚಿದ್ದ.

ಅಕ್ಕನಿಗೆ ನಾನು ಹೇಳಿದ್ದು ಇಷ್ಟು. ಸಣ್ಣ ಜಾಗ ಅಂದಮಾತ್ರಕ್ಕೆ ನೋವಿಲ್ಲದ ಜಾಗ ಅಂತ ತಿಳಿಯಬೇಡ. ಹಳ್ಳಿಯಲ್ಲಿ ಬೆಳೆದ ನಮಗೆ ಅದು ಗೊತ್ತು. 1,400 ಜನರ ನಡುವೆ ಒಬ್ಬನೊಡನೆ ಮನಸ್ತಾಪವಾದರೆ ನಾಲ್ಕು ವರ್ಷ ಅದೇ ಊಟದ ಹಾಲಿನಲ್ಲಿ ಅವನ ಮುಖ ನೋಡಬೇಕು. ಆದ್ದರಿಂದ ಕಟ್ಟಡ, ಹುಲ್ಲುಹಾಸು ನೋಡಿ ಬರಬೇಡ. ಒಂದು ತರಗತಿಯಲ್ಲಿ ಮಗ ಕೂತು ಬರಲಿ. ಮಾತಾಡದೆ ಕೂತಿರುವ ಹುಡುಗನ ಕಡೆ ಆ ಮೇಷ್ಟ್ರು ಒಮ್ಮೆಯಾದರೂ ತಿರುಗುತ್ತಾರಾ ನೋಡಲಿ. ಅಲ್ಲಿನ ವಿದ್ಯಾರ್ಥಿಗಳನ್ನು ಕೇಳಲಿ: ರೂಮ್‌ಮೇಟ್ ಜೊತೆ ಜಗಳವಾದರೆ ಇಲ್ಲಿ ಏನು ಮಾಡುತ್ತೀರಿ? ಕೊನೆಯ ಸಲ ಯಾರಿಗೆ 'ಇಲ್ಲ' ಅಂದಿರಿ, ಆಮೇಲೆ ಏನಾಯಿತು?

ದುಡ್ಡಿನ ಮಾತನ್ನೂ ಆಡಿದೆವು. ಇಂಥ ಖಾಸಗಿ ಕಾಲೇಜುಗಳಲ್ಲಿ ಊಟ, ವಸತಿ ಸೇರಿ ಪಟ್ಟಿಯಲ್ಲಿರುವ ಶುಲ್ಕ ವರ್ಷಕ್ಕೆ 80,000 ಡಾಲರ್ ದಾಟಿರುವುದುಂಟು. ಆದಾಯ ನೋಡಿ ನೆರವು ಕೊಡುವ ಕಡೆ ಕಟ್ಟಬೇಕಾದ ಮೊತ್ತ ಕಡಿಮೆಯಾಗುತ್ತದೆ. 'ಅರ್ಲಿ ಡಿಸಿಷನ್' ಎಂಬ ಬಗೆಯ ಅರ್ಜಿಯಲ್ಲಿ ಸೀಟು ಸಿಕ್ಕರೆ ಉಳಿದ ಅರ್ಜಿಗಳನ್ನು ಹಿಂದಕ್ಕೆ ಪಡೆದು ಅಲ್ಲಿಗೇ ಸೇರಬೇಕು. ಬೇರೆ ಕಾಲೇಜು ಎಷ್ಟು ನೆರವು ಕೊಡುತ್ತಿತ್ತು ಅಂತ ಹೋಲಿಸಿ ನೋಡಲಾಗುವುದಿಲ್ಲ. ಭಾವ ಅದಕ್ಕೆ ಒಪ್ಪಲಿಲ್ಲ. ಹಾಗಾಗಿ ನಾಲ್ಕೈದು ಕಡೆ ಸಾಮಾನ್ಯ ಅರ್ಜಿ ಹಾಕಿದ್ದಾರೆ. ಮಾರ್ಚ್ ಕೊನೆಯ ಹೊತ್ತಿಗೆ ತಿಳಿಯುತ್ತದೆ. ಸೀಟು ಸಿಗಬಹುದು, ಸಿಗದೆಯೂ ಇರಬಹುದು. ಸಿಗದೆ ದೊಡ್ಡ ವಿಶ್ವವಿದ್ಯಾಲಯಕ್ಕೇ ಹೋದರೂ ಅವನು ಈಗಾಗಲೇ ಒಂದು ಹೆಜ್ಜೆ ಇಟ್ಟಾಗಿದೆ. ತನ್ನ ಭಯವನ್ನು ಭಯ ಅಂತಲೇ ಕರೆದಿದ್ದಾನೆ.

ಅಮೆರಿಕದ ಕಾಲೇಜು ನಮ್ಮಲ್ಲಿ ಹೆಚ್ಚಿನವರಿಗೆ ದೂರದ ಮಾತು. ಆದರೆ ಸಾಧು ಮಗು ಎಲ್ಲರ ಮನೆಯಲ್ಲೂ ಒಂದಿರುತ್ತದೆ. ಪಿಯುಸಿಗೆ, ಹಾಸ್ಟೆಲಿಗೆ ಸೇರಿಸುವಾಗ 'ಇಲ್ಲಿ ಇವನಿಗೆ ಯಾರೂ ತೊಂದರೆ ಕೊಡುವುದಿಲ್ಲ ತಾನೇ' ಅಂತ ಕೇಳುತ್ತೇವೆ. ಕೇಳಬೇಕಾದದ್ದೇ. ಅದರ ಜೊತೆಗೆ ಇನ್ನೊಂದನ್ನೂ ಕೇಳೋಣ: ಇವನ ಒಳ್ಳೆಯತನವನ್ನು ಇಲ್ಲಿ ಬಿಟ್ಟಿ ದುಡಿಸಿಕೊಳ್ಳುತ್ತಾರಾ, ಇಲ್ಲಾ ಇವನ ಮಾತನ್ನೂ ಕೇಳುತ್ತಾರಾ?

ಇಂದಿನ ಅಭ್ಯಾಸ: ಮನೆಯಲ್ಲೋ ಕೆಲಸದಲ್ಲೋ 'ಇರ್ಲಿ ಬಿಡಿ' ಅನ್ನುವ ಒಬ್ಬರನ್ನು ಇವತ್ತು ಗಮನಿಸಿ. ಆ ಮಾತನ್ನು ಅಲ್ಲಿಗೇ ಬಿಡದೆ, "ನಿಜವಾಗಿ ನಿಮಗೆ ಏನನ್ನಿಸುತ್ತದೆ?" ಅಂತ ಕೇಳಿ, ಉತ್ತರ ಬರುವವರೆಗೆ ಕಾಯಿರಿ. ನಾನೂ ಈ ಭಾನುವಾರ ಆ ಅಂಗಡಿಗೆ ಹೋಗಿ ಬರುತ್ತೇನೆ. ಗಾಜಿನ ವಿಷಯ ಅವನ ಹತ್ತಿರ ಮಾತಾಡುವುದಿದೆ.

ಎಲ್ಲರಿಗೂ ಮಂಗಳವಾಗಲಿ.